ಡಬ್ಬ ಕೊನೆಗೆ, ಮೊದ್ಲು ಇನ್ವರ್ಟರ್: ಕೊಡಗಿನ ಮನೆಗೆ ನ್ಯಾಸ್ ಆರಿಸೋ ಲೆಕ್ಕ

ಯಾವ ನ್ಯಾಸ್ (ಮನೆಯ ಸಿನಿಮಾ, ಫೋಟೋ ಎಲ್ಲಾ ಇಡೋ ಡಬ್ಬ) ತಗೊಳ್ಳೋದು ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಮೊದ್ಲು ಪ್ರೊಸೆಸರ್ ಯಾವ್ದು ಅಂತಾರೆ, ಆಮೇಲೆ ಎಷ್ಟು ಡಿಸ್ಕ್ ಹಿಡೀತದೆ, ಯಾವ ರೇಡ್ (ಡಿಸ್ಕುಗಳನ್ನ ಒಟ್ಟಿಗೆ ಜೋಡಿಸೋ ಕ್ರಮ), 2.5 ಗಿಗಾಬಿಟ್ ಪೋರ್ಟ್ ಉಂಟಾ ಇಲ್ವಾ. ಕರೆಂಟ್ ಬಗ್ಗೆ ಕೊನೆಗೆ ಒಂದೇ ಮಾತು, ಯುಪಿಎಸ್ ಇದ್ರೆ ಒಳ್ಳೇದು ಅಂತ. ಅವರ ಊರಿಗೆ ಅಷ್ಟು ಸಾಕು ಬಿಡಿ. ಜೂನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದೆ, ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ರೆ ಮೂರು ದಿನ ಕರೆಂಟ್ ಮುಖ ಕಾಣದ ನಮ್ಮ ತೋಟದ ಮನೆಗಳಿಗೆ ಆ ಪಟ್ಟಿ ತಲೆಕೆಳಗೆ ಮಾಡ್ಕೊಂಡು ಓದ್ಬೇಕು ಅನ್ನೋದು ನನ್ನ ವಾದ. ಮೊದ್ಲು ಕರೆಂಟು, ಆಮೇಲೆ ಎರಡನೇ ಕಾಪಿ ಎಲ್ಲಿಡ್ತೀರಿ ಅನ್ನೋದು, ಆಮೇಲೆ ನಿಮ್ಮ ಟಿವಿ ಏನೇನು ಓಡಿಸ್ತದೆ ಅನ್ನೋದು. ಡಬ್ಬ ಯಾವ ಕಂಪನೀದು ಅನ್ನೋದು ಕೊನೆಗೆ.

ಗೊತ್ತಿಲ್ಲದೋರಿಗೆ ಎರಡು ಸಾಲು. ನ್ಯಾಸ್ ಅಂದ್ರೆ ಹಾರ್ಡ್‌ಡಿಸ್ಕ್ ಹಾಕಿ ರೂಟರ್‌ಗೆ ಲ್ಯಾನ್ ಕೇಬಲಲ್ಲಿ ಸಿಕ್ಕಿಸೋ ಒಂದು ಚಿಕ್ಕ ಕಂಪ್ಯೂಟರ್, ಮನೆಯ ಟಿವಿ, ಮೊಬೈಲ್, ಲ್ಯಾಪ್‌ಟಾಪ್ ಎಲ್ಲದಕ್ಕೂ ಅದ್ರಿಂದ್ಲೇ ಸಿನಿಮಾ, ಹಾಡು, ಫೋಟೋ ಸಿಗ್ತದೆ. ಇಂಟರ್ನೆಟ್ ಇಲ್ದಿದ್ರೂ ಓಡ್ತದೆ, ಅದೇ ಇದ್ರ ಮುಖ್ಯ ಗುಣ, ಯಾಕಂದ್ರೆ ನಮ್ಮಲ್ಲಿ ಮರ ಬಿದ್ರೆ ಕರೆಂಟ್ ತಂತಿ ಜೊತೆ ಫೈಬರ್ ಕೇಬಲೂ ಹೋಗ್ತದೆ, ಕರೆಂಟ್ ವಾಪಸ್ ಬಂದ ಮೇಲೂ ಓಟಿಟಿ ಬರೋಕೆ ಇನ್ನೂ ಎರಡು ದಿನ ಕಾಯ್ಬೇಕು.

ಈ ಪ್ರಶ್ನೆ ಈಗ ಜಾಸ್ತಿ ಕೇಳಿ ಬರೋದಕ್ಕೆ ಕಾರಣ ಉಂಟು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಪುಕ್ಸಟ್ಟೆ ಅನ್‌ಲಿಮಿಟೆಡ್ ನಿಲ್ಲಿಸಿದ ಮೇಲೆ 15 ಜಿಬಿ ತುಂಬಿದೋರೆಲ್ಲ ತಿಂಗಳು ತಿಂಗಳು ದುಡ್ಡು ಕಟ್ಟೋದಾ, ಮನೇಲೇ ಇಟ್ಕೊಳ್ಳೋದಾ ಅಂತ ಲೆಕ್ಕ ಹಾಕ್ತಿದ್ದಾರೆ. 2025ರ ಏಪ್ರಿಲಲ್ಲಿ ನ್ಯಾಸ್ ಮಾಡೋ ಸಿನಾಲಜಿ ಕಂಪನಿ ತನ್ನ ಹೊಸ ಪ್ಲಸ್ ಮಾಡೆಲ್‌ಗಳಲ್ಲಿ ತನ್ನದೇ ಹೆಸರಿನ, ಇಲ್ಲಾ ತಾನು ಒಪ್ಪಿದ ಡಿಸ್ಕೇ ಬೇಕು ಅಂತ ಶುರು ಮಾಡ್ತು, ಜನ ಬೈದ್ರು, ಅಕ್ಟೋಬರಲ್ಲಿ ತನ್ನ ಸಾಫ್ಟ್‌ವೇರಿನ ಹೊಸ ಆವೃತ್ತಿ ಡಿಎಸ್‌ಎಂ 7.3 ಬಿಟ್ಟಾಗ ಬೇರೆ ಕಂಪನಿ ಹಾರ್ಡ್‌ಡಿಸ್ಕಿಗೂ ಮತ್ತೆ ಬಾಗಿಲು ತೆಗೀತು. ಅದೇ ಏಪ್ರಿಲ್ ಕೊನೆಗೆ ನ್ಯಾಸಲ್ಲಿರೋ ಸಿನಿಮಾನ ಟಿವಿ, ಮೊಬೈಲಿಗೆ ತೋರ್ಸೋ ಸಾಫ್ಟ್‌ವೇರ್ ಪ್ಲೆಕ್ಸ್, ಮನೆ ಹೊರಗಿಂದ ನೋಡೋದಕ್ಕೆ ದುಡ್ಡು ಇಟ್ಟು ತನ್ನ ಲೈಫ್‌ಟೈಮ್ ಪಾಸನ್ನ ಸುಮಾರು 250 ಡಾಲರ್‌ಗೆ ಏರಿಸ್ತು. ಇದೆಲ್ಲ ಸಾಲದು ಅಂತ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚ್ಕೊಂಡು ವರ್ಷದ ಕೊನೆಗೆ ರ‍್ಯಾಮ್ ಬೆಲೆ ಕಾಫಿ ರೇಟಿಗಿಂತ ಜೋರಾಗಿ ಏರ್ತು, ಹಾರ್ಡ್‌ಡಿಸ್ಕೂ ಹಿಂದೇನೇ ಹೊರಟ್ತು. ಹಾಗಾಗಿ ಸುಮ್ನೆ ದೊಡ್ಡದು ತಗೊಂಡಿಡೋಣ ಅನ್ನೋ ಕಾಲ ಇದಲ್ಲ.

ಈಗ ಕರೆಂಟ್ ವಿಷಯ. ಇಲ್ಲಿ ಹೆಚ್ಚಿನ ಮನೇಲಿ ಇನ್ವರ್ಟರ್ ಉಂಟು, ಅದಕ್ಕೇ ಸಿಕ್ಕಿಸಿದ್ರಾಯ್ತು ಅಂತ ಎಲ್ಲರೂ ಅಂದ್ಕೊಳ್ತಾರೆ. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರ್ತದೆ, ಕೆಲವದ್ರಲ್ಲಿ ಮುಂದೆ ಮೆನೂಲಿ ಇರ್ತದೆ, ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ. ಯುಪಿಎಸ್ ಮೋಡಲ್ಲಿ ಕರೆಂಟ್ ಹೋದ 10-20 ಮಿಲಿಸೆಕೆಂಡಲ್ಲಿ ಬ್ಯಾಟರಿಗೆ ಬದಲಾಗ್ತದೆ, ನ್ಯಾಸ್‌ನ ಅಡಾಪ್ಟರ್ ಸಾಮಾನ್ಯವಾಗಿ ಅಷ್ಟು ಹೊತ್ತು ತಡ್ಕೊಳ್ತದೆ. ನಾರ್ಮಲ್ ಮೋಡಲ್ಲಿ ಅದ್ರ ದುಪ್ಪಟ್ಟು ಹೊತ್ತು ಬೇಕು, ಫ್ಯಾನು ಲೈಟಿಗೆ ಏನೂ ಆಗಲ್ಲ, ನ್ಯಾಸ್ ಮಾತ್ರ ಟಕ್ ಅಂತ ಆಫ್ ಆಗಿ ಮತ್ತೆ ಆನ್ ಆಗ್ತದೆ. ಸರಿ, ಯುಪಿಎಸ್ ಮೋಡಿಗೆ ಹಾಕಿದ್ರಾಯ್ತಲ್ಲ ಅಂದ್ರೆ, ಅಲ್ಲೇ ನಮ್ಮೂರಿನ ತೊಂದ್ರೆ ಇರೋದು. ಆ ಮೋಡಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದ್ರೆ ಇನ್ವರ್ಟರ್ ಅದನ್ನ ಕರೆಂಟ್ ಅಂತ್ಲೇ ಒಪ್ಪಲ್ಲ, ಬ್ಯಾಟರಿಗೆ ಹೋಗಿಬಿಡ್ತದೆ. ಫೆಬ್ರವರಿ-ಮಾರ್ಚಲ್ಲಿ ಕಾಫಿ ಹೂ ಬರಿಸೋಕೆ ಸುತ್ತಮುತ್ತ ಎಲ್ಲರೂ ಸ್ಪ್ರಿಂಕ್ಲರ್ ಮೋಟರ್ ಹಾಕೋ ಹೊತ್ತಲ್ಲಿ ಲೈನ್ ಕೊನೇಲಿರೋ ಮನೆಗೆ ವೋಲ್ಟೇಜ್ ಎಷ್ಟು ಬರ್ತದೆ ಅಂತ ಮೀಟರ್ ಹಿಡಿದು ನೋಡಿದೋರಿಗೆ ಗೊತ್ತು. ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗ್ತದೆ, ಅದಕ್ಕೇ ಎಲೆಕ್ಟ್ರಿಷಿಯನ್ ಬಂದು ನಾರ್ಮಲ್ ಮೋಡಿಗೆ ತಿರುಗಿಸಿ ಹೋಗಿರ್ತಾರೆ. ಅವರದ್ದೂ ತಪ್ಪಲ್ಲ.

ಇದಕ್ಕೆ ದಾರಿ ಅಂದ್ರೆ ಇನ್ವರ್ಟರ್ ನಾರ್ಮಲ್ ಮೋಡಲ್ಲೇ ಇರ್ಲಿ, ಅದ್ರ ಲೈನಲ್ಲಿ ನ್ಯಾಸ್‌ಗೂ ರೂಟರ್‌ಗೂ ಸೇರಿ ಒಂದು ಚಿಕ್ಕ ಕಂಪ್ಯೂಟರ್ ಯುಪಿಎಸ್. ಲೈನ್ ಇಂಟರಾಕ್ಟಿವ್ ಅಂತ ಬರೆದಿರೋದು ತಗೊಳ್ಳಿ, ಅದು ಸ್ವಲ್ಪ ಲೋ ವೋಲ್ಟೇಜನ್ನ ತಾನೇ ಎತ್ತಿ ಕೊಡ್ತದೆ. ಇನ್ವರ್ಟರ್ ಪ್ಯೂರ್ ಸೈನ್‌ವೇವ್ ಆಗಿರ್ಬೇಕು, ಹಳೇ ಸ್ಕ್ವೇರ್‌ವೇವ್ ಇನ್ವರ್ಟರ್ ಕೊಟ್ಟ ಕರೆಂಟನ್ನ ತುಂಬ ಯುಪಿಎಸ್‌ಗಳು ಒಪ್ಪಲ್ಲ, ಬೀಪ್ ಬೀಪ್ ಅಂತ ಕೂಗ್ತಾ ತಮ್ಮ ಬ್ಯಾಟರಿನೇ ತಿಂತವೆ. ಅಗ್ಗದ 600 ವಿಎ ಮಾಡೆಲ್‌ಗಳಲ್ಲಿ ಬಹಳಷ್ಟಕ್ಕೆ ಯುಎಸ್‌ಬಿ ಡೇಟಾ ಪೋರ್ಟ್ ಇರಲ್ಲ, 1 ಕೆವಿಎ ಆಸುಪಾಸಿನದ್ರಲ್ಲಿ ಸಿಗ್ತದೆ. ಆ ಪೋರ್ಟಿಗಾಗಿ ಸ್ವಲ್ಪ ಜಾಸ್ತಿ ಕೊಟ್ರೂ ಲಾಸ್ ಇಲ್ಲ, ಯಾಕಂದ್ರೆ ಬ್ಯಾಟರಿ ಮುಗೀತಾ ಬಂತು ಅಂತ ನ್ಯಾಸ್‌ಗೆ ಹೇಳೋರು ಒಬ್ರು ಬೇಕಲ್ಲ, ಆ ಕೇಬಲ್ ಇದ್ರೆ ನ್ಯಾಸ್ ತಾನೇ ಮರ್ಯಾದೆಯಾಗಿ ಶಟ್‌ಡೌನ್ ಆಗ್ತದೆ. ಮನೆ ಇನ್ವರ್ಟರ್‌ಗಳು ಸಾಮಾನ್ಯವಾಗಿ ಯಾರಿಗೂ ಏನೂ ಹೇಳಲ್ಲ, ಬ್ಯಾಟರಿ ಮುಗಿದ ಕೂಡ್ಲೇ ಎಲ್ಲಾ ಆಫ್.

ಸಡನ್ನಾಗಿ ಕರೆಂಟ್ ಹೋದ್ರೆ ಡಿಸ್ಕ್ ಸುಟ್ಟೋಗ್ತದೆ ಅನ್ನೋದು ಸ್ವಲ್ಪ ಉತ್ಪ್ರೇಕ್ಷೆ. ತಿರುಗ್ತಿರೋ ತಟ್ಟೆಯ ವೇಗದಿಂದ್ಲೇ ಕರೆಂಟ್ ತೆಗೊಂಡು ಹೆಡ್ಡನ್ನ ಪಕ್ಕಕ್ಕೆ ಎಳ್ಕೊಳ್ಳೋ ವ್ಯವಸ್ಥೆ ಡಿಸ್ಕ್ ಒಳಗೇ ಇರ್ತದೆ, ಹತ್ರ ಕೂತಿದ್ರೆ ಆ ಚಟ್ ಅನ್ನೋ ಸದ್ದು ಕೇಳ್ತದೆ. ಹಾಳಾಗೋದು ಆ ಕ್ಷಣ ಬರೀತಿದ್ದ ಫೈಲು, ಕೆಲವು ಸಲ ಅದ್ರ ಜೊತೆ ಇಡೀ ಫೋಲ್ಡರ್ ಲೆಕ್ಕ. ನಿಜವಾದ ಕಾಟ ಅಂದ್ರೆ ನಮ್ಮ ಕಕ್ಕಡದ (ಜುಲೈ-ಆಗಸ್ಟಿನ) ಮಳೆಯ ಕರೆಂಟು, ಬರ್ತದೆ, ಎರಡು ನಿಮಿಷ ಇರ್ತದೆ, ಹೋಗ್ತದೆ, ಮತ್ತೆ ಬರ್ತದೆ. ಪ್ರತಿ ಸಲ ಡಿಸ್ಕ್ ತಿರುಗೋಕೆ ಶುರು ಮಾಡಿ ನಿಲ್ತದೆ. ನ್ಯಾಸ್ ಸೆಟ್ಟಿಂಗಲ್ಲಿ ಪವರ್ ಬಂದ ಕೂಡ್ಲೇ ತಾನೇ ಆನ್ ಆಗ್ಲಿ ಅಂತ ಒಂದು ಟಿಕ್ ಇರ್ತದೆ, ಜೂನಲ್ಲಿ ಅದನ್ನ ತೆಗೆದಿಡಿ, ಕರೆಂಟ್ ನೆಟ್ಟಗೆ ನಿಂತ ಮೇಲೆ ಕೈಯಲ್ಲೇ ಬಟನ್ ಒತ್ತಿ ಆನ್ ಮಾಡಿ.

24 ಗಂಟೆ ಓಡ್ಬೇಕು ಅಂತಾನೂ ಇಲ್ಲ. ಎರಡು ಡಿಸ್ಕಿನ ಡಬ್ಬ 25 ವ್ಯಾಟ್ ತಿಂತದೆ ಅಂತಿಟ್ಕೊಳ್ಳಿ, ಇಡೀ ತಿಂಗಳಿಗೆ 18 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದ್ರೆ ನೂರ ಚಿಲ್ಲರೆ, ದೊಡ್ಡದಲ್ಲ. ಆದ್ರೆ 2023ರಿಂದ ಗೃಹಜ್ಯೋತಿಲಿ ಇರೋರಿಗೆ ಹಳೇ ಸರಾಸರಿ ಮೇಲೆ ಸ್ವಲ್ಪ ಮಾತ್ರ ಬಿಟ್ಟಿರೋದು, ಅದು ದಾಟಿದ್ರೆ ದಾಟಿದ್ದಕ್ಕೆ ಬಿಲ್, 200 ದಾಟಿದ್ರೆ ಪೂರ್ತಿ ಬಿಲ್. 190ರ ಹತ್ರ ನಿಂತಿರೋ ಮನೆಗೆ ಈ 18 ಯೂನಿಟ್ ದುಬಾರಿ. ಸಂಜೆ ಐದರಿಂದ ಹನ್ನೊಂದರ ತನಕ ಆನ್ ಅಂತ ಶೆಡ್ಯೂಲ್ ಹಾಕಿದ್ರೆ ನಾಲ್ಕೂವರೆ ಯೂನಿಟಲ್ಲಿ ಮುಗೀತದೆ, ಸಿನಿಮಾ ನೋಡೋದೂ ಆಗ್ಲೇ ತಾನೇ.

ಹಾಗಂತ ಮಳೆಗಾಲ ಪೂರ್ತಿ ಆಫ್ ಮಾಡಿ ಬೀರುವಲ್ಲಿ ಇಡ್ಬೇಡಿ. ಚಪ್ಪಲಿ, ಬೆಲ್ಟಿಗೆಲ್ಲ ಬೂಷ್ಟು ಹಿಡಿಯೋ ಊರು ಇದು. ತೇವ 95 ಪರ್ಸೆಂಟ್ ತನಕ ತಡೀತದೆ ಅಂತ ಡಿಸ್ಕ್ ಕಂಪನಿಗಳು ಬರೀತವೆ, ಆದ್ರೆ ನೀರು ಹನಿಗಟ್ಟಬಾರ್ದು ಅಂತ ಪಕ್ಕದಲ್ಲೇ ಷರತ್ತು ಇರ್ತದೆ. ದಿನಾ ಸ್ವಲ್ಪ ಹೊತ್ತು ಓಡಿ ಬೆಚ್ಚಗಾಗೋ ಡಬ್ಬಕ್ಕೆ ಹನಿ ಕಟ್ಟೋ ಭಯ ಕಮ್ಮಿ. ಹೊರಗಿನ ಗೋಡೆಗೆ ತಾಗಿಸದೆ ಇಡಿ, ಅಡುಗೆಮನೆ ಒಲೆಯ ಹೊಗೆ ಬರೋ ಕಡೆಯಂತೂ ಬೇಡವೇ ಬೇಡ. ಇರುವೆಗೂ ಹಲ್ಲಿಗೂ ಬೆಚ್ಚಗಿನ ಡಬ್ಬ ಅಂದ್ರೆ ಬಲು ಪ್ರೀತಿ, ತಿಂಗಳಿಗೊಮ್ಮೆ ಹಿಂದಿನ ಫ್ಯಾನ್ ಜಾಲರಿ ನೋಡಿ.

ಗುಡುಗು ಸಿಡಿಲಿನದ್ದು ಬೇರೆ ಕಥೆ, ಅದು ಏಪ್ರಿಲ್-ಮೇ ಮಳೆಗೇ ಶುರು. ಮೊದ್ಲು ಟೆಲಿಫೋನಿನ ತಾಮ್ರದ ತಂತಿಲಿ ಸಿಡಿಲು ಬಂದು ಮೋಡೆಮ್ ಸುಡ್ತಿತ್ತು, ಈಗ ಫೈಬರ್ ಗಾಜಿನ ಎಳೆ, ಅದ್ರಲ್ಲಿ ಕರೆಂಟ್ ಹರಿಯಲ್ಲ. ಆದ್ರೆ ಜನ ಮಾಡೋದೇನಂದ್ರೆ ದೊಡ್ಡ ಮನೆಯಿಂದ ಹೋಮ್‌ಸ್ಟೇ ರೂಮಿಗೋ, ಪಕ್ಕದ ಅಣ್ಣನ ಮನೆಗೋ ಅಂಗಳದ ಮೇಲಿಂದ ಸಾದಾ ಲ್ಯಾನ್ ಕೇಬಲ್ ಎಳೀತಾರೆ. ಅದು ತಾಮ್ರ. ಸಿಡಿಲು ಹತ್ರ ಎಲ್ಲಾದ್ರೂ ಹೊಡೆದ್ರೂ ಆ ಕೇಬಲಲ್ಲಿ ವೋಲ್ಟೇಜ್ ಎದ್ದು ಎರಡೂ ತುದಿಯ ಪೋರ್ಟ್ ಹೋಗ್ತದೆ, ಒಂದು ತುದೀಲಿ ನ್ಯಾಸ್ ಇದ್ರೆ ಅದೂ ಹೋಗ್ತದೆ. ಎರಡು ಕಟ್ಟಡದ ಮಧ್ಯೆ ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನ ಲ್ಯಾನ್ ಕೇಬಲಿಗೆ ಸೇರಿಸೋ ಚಿಕ್ಕ ಡಬ್ಬಿ) ಹಾಕಿ, ಕೇಬಲ್ ಹಾಕೋ ಹುಡುಗರ ಹತ್ರಾನೇ ಎರಡೂ ಸಿಗ್ತದೆ. ಫೈಬರ್ ಕೇಬಲನ್ನ ಎಳೆದು ಕಟ್ಟೋ ಉಕ್ಕಿನ ತಂತಿ ಮಾತ್ರ ಮನೆಯೊಳಗೆ ಬರಬಾರ್ದು, ಹೊರಗೇ ಕತ್ತರಿಸ್ಬೇಕು. ಗುಡುಗು ಶುರುವಾದ್ರೆ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡೋದು ಅಭ್ಯಾಸ ಆಗ್ಲಿ.

ಎರಡನೇ ಕಾಪಿ ವಿಷಯದಲ್ಲಿ ನನ್ನ ಮಾತು ಅಂಗಡಿಯವ್ರಿಗೆ ಇಷ್ಟ ಆಗಲ್ಲ. ಎಲ್ಲರೂ ಹೇಳೋದು ಎರಡು ಡಿಸ್ಕಿನ ಡಬ್ಬ ತಗೊಳ್ಳಿ, ರೇಡ್ 1 ಮಾಡಿ, ಎರಡ್ರಲ್ಲೂ ಒಂದೇ ಡೇಟಾ ಇರ್ತದೆ, ಒಂದು ಸತ್ರೆ ಇನ್ನೊಂದು ಉಂಟು ಅಂತ. ರೇಡ್ ಕೊಡೋದು ಡಿಸ್ಕ್ ಸತ್ರೂ ಕೆಲಸ ನಿಲ್ದೇ ಇರೋ ಅನುಕೂಲ. ಆಫೀಸಿಗೆ ಅದು ಬೇಕು. ಮೂರು ದಿನ ಕರೆಂಟೇ ಇಲ್ಲದ ಮನೇಲಿ ಒಂದು ನಿಮಿಷಾನೂ ನಿಲ್ಲಬಾರ್ದು ಅನ್ನೋ ಸಿನಿಮಾ ಯಾವ್ದು ಮಾರಾಯ್ರೆ? ಮೊಮ್ಮಗ ರಿಮೋಟಲ್ಲಿ ಏನೋ ಒತ್ತಿ ಫೋಲ್ಡರ್ ಅಳಿಸಿದ್ರೆ ಎರಡೂ ಡಿಸ್ಕಲ್ಲಿ ಅದೇ ಸೆಕೆಂಡಲ್ಲಿ ಅಳಿಸಿಹೋಗ್ತದೆ, ಸಿಡಿಲು ಬಡಿದ್ರೆ ಎರಡೂ ಒಟ್ಟಿಗೇ ಹೋಗ್ತವೆ, 2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಉಟ್ಟ ಬಟ್ಟೇಲಿ ಓಡಿದೋರು ಆಲ್ಬಮ್ಮನ್ನೂ ಎತ್ಕೊಳ್ಳೋಕಾಗ್ಲಿಲ್ಲ, ನ್ಯಾಸ್ ಕಿತ್ತು ತರ್ತಾರಾ. ಅದಕ್ಕೇ ದುಡ್ಡು ಎರಡೇ ಡಿಸ್ಕಿಗೆ ಇದ್ರೆ ಒಂದು ಡಬ್ಬದಲ್ಲಿರ್ಲಿ, ಇನ್ನೊಂದು ಬೇರೆ ಊರಲ್ಲಿರ್ಲಿ. ಮೈಸೂರಲ್ಲಿರೋ ತಂಗಿ ಮನೆ ಬೀರು ಸಾಕು. ಕುಶಾಲನಗರ ಆದ್ರೆ ಮೇಲಿನ ಮಹಡಿ ನೋಡ್ಕೊಳ್ಳಿ, 2018ರಲ್ಲೂ 2019ರಲ್ಲೂ ಅಲ್ಲಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಎಲ್ಲರಿಗೂ ನೆನಪುಂಟು.

ಕ್ಲೌಡಿಗೆ ಹಾಕಬಾರ್ದಾ ಅಂದ್ರೆ ಹಾಕ್ಬಹುದು, ಅಪ್‌ಲೋಡ್ ಲೆಕ್ಕ ನೋಡ್ಕೊಂಡು. 10 ಎಂಬಿಪಿಎಸ್ ಅಪ್‌ಲೋಡಲ್ಲಿ 2 ಟಿಬಿ ಹೋಗೋಕೆ ಒಂದು ನಿಮಿಷಾನೂ ನಿಲ್ದೇ ಓಡಿದ್ರೂ ಹದಿನೆಂಟು ದಿನದ ಮೇಲೆ ಬೇಕು, 50 ಎಂಬಿಪಿಎಸ್ ಇದ್ರೆ ನಾಲ್ಕು ದಿನ. ಬೇಸಿಗೇಲಿ ಶುರು ಮಾಡಿದ್ರೆ ಮುಗಿಸ್ಬಹುದು, ಜುಲೈಲಿ ಆಸೆ ಬಿಡಿ. ನನ್ನ ಕೇಳಿದ್ರೆ ಕೈಲ್ ಮುಹೂರ್ತಕ್ಕೊಮ್ಮೆ ಹುತ್ತರಿ ಹಬ್ಬಕ್ಕೊಮ್ಮೆ ಎಲ್ಲರೂ ಹೇಗೂ ಊರಿಗೆ ಬರ್ತಾರಲ್ಲ, ಬೀರುವಿನ ಡಿಸ್ಕನ್ನ ಆಗ ತರ್ಸಿ ಹೊಸದು ಸೇರ್ಸಿ ವಾಪಸ್ ಕಳಿಸೋದು ಸುಲಭ.

ಎಷ್ಟು ಜಾಗ ಬೇಕು ಅನ್ನೋದಕ್ಕೆ ಫೈಲುಗಳನ್ನ ಮೊದ್ಲು ಎರಡು ಗುಡ್ಡೆ ಮಾಡಿ. ಮತ್ತೆ ಸಿಗೋದು ಒಂದು ಗುಡ್ಡೆ, ಸಿಗದೇ ಇರೋದು ಒಂದು. ಸಿನಿಮಾ ಹೋದ್ರೆ ಅದ್ರ ಡಿವಿಡಿ ಕೊಂಡಿದ್ದೋರು ಮತ್ತೆ ಕಾಪಿ ಮಾಡ್ಕೊಳ್ಬಹುದು. ಅಜ್ಜ ಮದುವೇಲಿ ವಾಲಗಕ್ಕೆ ಕುಣಿದ ವಿಡಿಯೋ, ಐನ್‌ಮನೇಲಿ ಎಲ್ಲಾ ಸೇರಿದ ಫೋಟೋ, ಕೌಟುಂಬಿಕ ಹಾಕೀಲಿ ನಮ್ಮ ಮನೆ ತಂಡ ಆಡಿದ ಮ್ಯಾಚು, ಇವು ಮತ್ತೆ ಸಿಗಲ್ಲ, ಎರಡನೇ ಕಾಪಿ ಬೇಕಿರೋದೂ ಇವಕ್ಕೆ ಮಾತ್ರ. ಒಂದು ಮದುವೆ ಡಿವಿಡಿ ಪೂರ್ತಿ ತುಂಬಿದ್ರೂ 4.7 ಜಿಬಿ, ಅಂಥ ಇನ್ನೂರು ಡಿವಿಡಿ ಸೇರಿದ್ರೂ 1 ಟಿಬಿ ದಾಟಲ್ಲ. ಹಳೇ ಮಿನಿ ಡಿವಿ ಟೇಪು ಗಂಟೆಗೆ 13 ಜಿಬಿ. ಈಗಿನ ಐಫೋನಲ್ಲಿ 4ಕೆ 30 ಫ್ರೇಮಲ್ಲಿ ತೆಗೆದ್ರೆ ನಿಮಿಷಕ್ಕೆ ಸುಮಾರು 170 ಎಂಬಿ, ಗಂಟೆಗೆ 10 ಜಿಬಿ. ಲೆಕ್ಕ ಹಾಕಿ ನೋಡಿ, ಹೆಚ್ಚಿನ ಮನೆಗಳ ಸಿಗದ ಗುಡ್ಡೆ 2 ಟಿಬಿಯೊಳಗೇ ಇರ್ತದೆ. ಒಂದು ಮಾತು, ಆ ಡಿವಿಡಿಗಳನ್ನ ಬೇಗ ಕಾಪಿ ಮಾಡಿ, ನಮ್ಮ ತೇವಕ್ಕೆ ಅದ್ರ ಹಿಂದೆ ಬಿಳಿ ಚುಕ್ಕೆ ಬಂದು ಓದೋಕಾಗ್ದೇ ಹೋಗ್ತಾವೆ, ಟೇಪಿಗೂ ಬೂಷ್ಟು ಹಿಡೀತದೆ.

ಆ ಡಿವಿಡಿಗಳಿಗೂ ಟ್ರಾನ್ಸ್‌ಕೋಡಿಂಗ್ ಗಲಾಟೆಗೂ ಸಂಬಂಧ ಉಂಟು. ಟಿವಿಗೆ ಫೈಲ್ ಅರ್ಥ ಆಗ್ದಿದ್ರೆ ಸರ್ವರ್ ಕೂತಲ್ಲೇ ಅದನ್ನ ಬೇರೆ ರೂಪಕ್ಕೆ ಬದಲಾಯ್ಸಿ ಕಳಿಸ್ತದೆ, ಅದಕ್ಕೇ ಜೋರು ಪ್ರೊಸೆಸರ್ ಬೇಕು ಅನ್ನೋದು. ಎಲ್ಲರೂ ಹೆದರೋದು 4ಕೆ ಸಿನಿಮಾಕ್ಕೆ, ಆದ್ರೆ ಈಚಿನ 4ಕೆ ಟಿವಿಗಳು ಎಚ್.265 (4ಕೆ ವಿಡಿಯೋನ ಕುಗ್ಗಿಸಿಡೋ ರೂಪ) ಫೈಲನ್ನ ತಾವೇ ಓಡಿಸ್ತವೆ, ಅಲ್ಲಿ ನ್ಯಾಸ್ ಬರೀ ಪೋಸ್ಟ್‌ಮ್ಯಾನ್. ತಕರಾರು ಮಾಡೋದು ಹಳೇ ಮದುವೆ ಡಿವಿಡಿಯ ಎಂಪೆಗ್-2, ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲು, ಆಮೇಲೆ ಡಿಟಿಎಸ್ ಆಡಿಯೋ (ಸ್ಯಾಮ್‌ಸಂಗ್ ಟಿವಿಗಳು 2018ರ ಮಾಡೆಲ್‌ಗಳಿಂದ ಅದನ್ನ ಬಿಟ್ಟವು), ಬ್ಲೂ-ರೇಯ ಚಿತ್ರರೂಪದ ಸಬ್‌ಟೈಟಲ್. ಪ್ಲೆಕ್ಸ್ ಥರದ್ದೇ ಜೆಲ್ಲಿಫಿನ್ ಅನ್ನೋ ಸಾಫ್ಟ್‌ವೇರ್ ಹಾಕಿದೋರು ಫೈಲ್ ಓಡ್ತಿರೋವಾಗ ಅದ್ರ ಡ್ಯಾಶ್‌ಬೋರ್ಡ್ ನೋಡಿ, ಡೈರೆಕ್ಟ್ ಪ್ಲೇ ಅಂತ ಇದ್ರೆ ನ್ಯಾಸ್ ಆರಾಮ, ಟ್ರಾನ್ಸ್‌ಕೋಡ್ ಅಂತ ಬಂದ್ರೆ ಕಾರಣಾನೂ ಅಲ್ಲೇ ಬರೆದಿರ್ತದೆ. ಮದುವೆ ವಿಡಿಯೋಗಳಿಗೆ ಸುಲಭ ಉಪಾಯ ಉಂಟು, ಲ್ಯಾಪ್‌ಟಾಪಲ್ಲಿ ಹ್ಯಾಂಡ್‌ಬ್ರೇಕ್ ಅನ್ನೋ ಪುಕ್ಸಟ್ಟೆ ಸಾಫ್ಟ್‌ವೇರ್ ಹಾಕಿ ಒಂದೇ ಸಲ ಎಲ್ಲಾನೂ ಹೆಚ್ಚಿನ ಟಿವಿಗೆ ಅರ್ಥ ಆಗೋ ಎಚ್.264 ರೂಪಕ್ಕೆ ಮಾಡಿಟ್ಕೊಳ್ಳಿ, ಅಸಲಿ ಫೈಲೂ ಇರ್ಲಿ, ಅಳಿಸ್ಬೇಡಿ. ಅಲ್ಲಿಗೆ ಜೋರು ಪ್ರೊಸೆಸರ್ ಬೇಕು ಅನ್ನೋ ವಾದ ಅರ್ಧಕ್ಕರ್ಧ ಬಿದ್ದುಹೋಗ್ತದೆ.

ನೆಟ್‌ವರ್ಕ್ ಸ್ಪೀಡಿಗೂ ಅತಿಯಾಗಿ ತಲೆ ಕೆಡಿಸ್ಕೊಳ್ಬೇಡಿ. ಮಾಮೂಲಿ ಗಿಗಾಬಿಟ್ ಸೆಕೆಂಡಿಗೆ 110 ಎಂಬಿ ಹತ್ರ ಕೊಡ್ತದೆ, 4ಕೆ ಬ್ಲೂ-ರೇನೇ ಹೆಚ್ಚಂದ್ರೆ 150 ಮೆಗಾಬಿಟ್ ಒಳಗೆ, ಅಂದ್ರೆ 20 ಎಂಬಿಗಿಂತ ಕಮ್ಮಿ. ವಿಚಿತ್ರ ಏನಂದ್ರೆ ತುಂಬ ಟಿವಿಗಳ ಲ್ಯಾನ್ ಪೋರ್ಟ್ ಇವತ್ತಿಗೂ ಬರೀ 100 ಮೆಗಾಬಿಟ್ಟಿಂದು, ಹಾಗಾಗಿ ಭಾರಿ ಫೈಲ್ ತಡವರಿಸಿದ್ರೆ ಅದೇ ಟಿವಿ 5 ಗಿಗಾಹರ್ಟ್ಸ್ ವೈಫೈಲಿ ನೆಟ್ಟಗೆ ಓಡೋದೂ ಉಂಟು. ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ ಅಡ್ಡ ಇದ್ರೆ ಅದೂ ಇಲ್ಲ, ರೂಟರ್ ಟಿವಿ ಕೋಣೇಲೇ ಇರ್ಬೇಕು.

ಇಷ್ಟೆಲ್ಲ ಆದ ಮೇಲೆ ಡಬ್ಬ. ರೂಟರ್ ಹಿಂದಿನ ಯುಎಸ್‌ಬಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸೋದು ಎಲ್ಲಕ್ಕಿಂತ ಅಗ್ಗ, ಆದ್ರೆ ತುಂಬ ರೂಟರ್‌ಗಳಲ್ಲಿ ನಿಧಾನ, ಯುಪಿಎಸ್ ಮಾತು ಕೇಳಲ್ಲ, ಸರಿಯಾಗಿ ಶಟ್‌ಡೌನೂ ಇಲ್ಲ. ನಮ್ಮ ಕರೆಂಟಿಗೆ ನಾನಂತೂ ಬೇಡ ಅಂತೀನಿ. ಕೋಡಿ ಆ್ಯಪಲ್ಲಿ ನೋಡೋರಾದ್ರೆ ಫೈಲನ್ನ ಬಿಡಿಸಿ ಚಿತ್ರ ಮಾಡೋ ಕೆಲಸ (ಡಿಕೋಡ್) ಪೂರ್ತಿ ಟಿವಿಯೋ ಸ್ಟಿಕ್ಕೋ ಮಾಡ್ಕೊಳ್ತದೆ, ಫೋಲ್ಡರ್ ಶೇರ್ ಮಾಡೋ ಸಣ್ಣ ಎಆರ್‌ಎಂ ಚಿಪ್ಪಿನ ನ್ಯಾಸ್ ಧಾರಾಳ ಸಾಕು. ಮನೆಯೋರಿಗೆಲ್ಲ ಬೇರೆ ಬೇರೆ ಪ್ರೊಫೈಲ್, ಮೊಬೈಲಲ್ಲೂ ನೋಡ್ಬೇಕು ಅಂದ್ರೆ ಇಂಟೆಲ್ ಎನ್100 ಇರೋ ಮಿನಿ ಪಿಸಿ, ಇಲ್ಲಾ ಅದೇ ಚಿಪ್ಪಿನ ನ್ಯಾಸ್ ತಗೊಂಡು ಜೆಲ್ಲಿಫಿನ್ ಹಾಕೋದು ಈಗ ನನ್ನ ಮೊದಲ ಆಯ್ಕೆ. 2018ರ ಕೊನೆಗೆ ಎಂಬಿ (Emby) ಅನ್ನೋ ಇನ್ನೊಂದು ಸಾಫ್ಟ್‌ವೇರಿಂದ ಕವಲೊಡೆದು ಬಂದ ಈ ಸಾಫ್ಟ್‌ವೇರಿಗೆ ದುಡ್ಡಿಲ್ಲ, ಆ ಚಿಪ್ಪಲ್ಲಿ ವಿಡಿಯೋ ಕೆಲಸಕ್ಕೇ ಅಂತ ಇರೋ ಕ್ವಿಕ್ ಸಿಂಕ್ ಅನ್ನೋ ಭಾಗ ಎಚ್.265 ಬದಲಾಯಿಸೋದನ್ನ ಲೀಲಾಜಾಲ ಮಾಡ್ತದೆ. ಸಿನಾಲಜಿಯ ಸಾಫ್ಟ್‌ವೇರ್ ಹೊಸಬರಿಗೆ ತುಂಬ ಸುಲಭ, ಫೋಟೋ ಬ್ಯಾಕಪ್ಪಿಗೆ ಅದ್ರಷ್ಟು ನೀಟಾಗಿರೋದು ಕಮ್ಮಿ, ಆದ್ರೆ 2024ರಲ್ಲಿ ವಿಡಿಯೋ ಸ್ಟೇಷನ್ ತೆಗೆದುಹಾಕಿದ ಕಂಪನಿ ಅದು, ಬರೀ ಸಿನಿಮಾಕ್ಕೆ ಅಂತ ಅಷ್ಟು ದುಡ್ಡು ಕೊಡೋಕೆ ನನಗೆ ಮನಸ್ಸಿಲ್ಲ.

ದುಡ್ಡೇ ಇಲ್ಲ ಅನ್ನೋರಿಗೆ ಮೂಲೇಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್ ಉಂಟಲ್ಲ. ಬ್ಯಾಟರಿ ಒಳಗೇ ಇರೋದ್ರಿಂದ ಯುಪಿಎಸ್ ಪುಕ್ಸಟ್ಟೆ ಬಂದ ಹಾಗೆ, ಚಾರ್ಜ್ ಮುಗೀತಾ ಬಂದ್ರೆ ತಾನೇ ಶಟ್‌ಡೌನ್ ಆಗೋದೂ ಅದಕ್ಕೆ ಗೊತ್ತು. ಯುಎಸ್‌ಬಿ ಡಿಸ್ಕ್ ಮಾತ್ರ ಲ್ಯಾಪ್‌ಟಾಪಿಂದ್ಲೇ ಕರೆಂಟ್ ತಗೊಳ್ಳೋ ಚಿಕ್ಕದಾಗಿರ್ಲಿ, ಬೇರೆ ಅಡಾಪ್ಟರಿನ ದೊಡ್ಡ ಡಿಸ್ಕ್ ಹಾಕಿದ್ರೆ ಆ ಲಾಭ ಹೋಯ್ತು. ಬ್ಯಾಟರಿ ಊದದ ಹಾಗೆ ಚಾರ್ಜನ್ನ 80 ಪರ್ಸೆಂಟಿಗೆ ನಿಲ್ಲಿಸೋ ಸೆಟ್ಟಿಂಗ್ ಹಾಕಿ, ಊದಿದ್ದು ಕಂಡ್ರೆ ಆ ಲ್ಯಾಪ್‌ಟಾಪನ್ನ ಓಡಿಸ್ಲೇಬೇಡಿ.

ಡಿಸ್ಕ್ ತಗೊಳ್ಳೋವಾಗ ಸಿಎಂಆರ್ (ಸಾಲುಗಳನ್ನ ಒಂದರ ಮೇಲೊಂದು ಬರದ ಹಾಗೆ ಪಕ್ಕ ಪಕ್ಕ ಬರೆಯೋದು) ಅಂತ ಬರೆದಿದ್ಯಾ ನೋಡಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಡಿಸ್ಕ್‌ಗಳಲ್ಲಿ ಕೆಲವಕ್ಕೆ ಎಸ್‌ಎಂಆರ್ ತಂತ್ರ ಹಾಕಿ ಹೇಳದೇ ಮಾರಿದ್ದು ಹೊರಗೆ ಬಂದು ದೊಡ್ಡ ರಂಪ ಆಯ್ತು, ಆಮೇಲೇ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂದಿದ್ದು. ಎಸ್‌ಎಂಆರ್ ಅಂದ್ರೆ ಸಾಲುಗಳನ್ನ ಒಂದರ ಮೇಲೊಂದು ಹೆಂಚಿನ ಹಾಗೆ ಸ್ವಲ್ಪ ಹೊದಿಸಿ ಬರೆಯೋದು, ಮಧ್ಯದ ಒಂದು ಬದಲಾಯಿಸೋಕೆ ಪಕ್ಕದ್ದೂ ಎತ್ತಿ ಬರೀಬೇಕು, ರೇಡಲ್ಲಿ ಡಿಸ್ಕ್ ಬದಲಾಯಿಸೋವಾಗ ಅದು ಕೈ ಕೊಡ್ತದೆ. ಬೀರುವಲ್ಲಿಡೋ ಕಾಪಿಗೆ ಎಸ್‌ಎಂಆರ್ ಆದ್ರೂ ನಡೀತದೆ, ವರ್ಷಕ್ಕೆರಡು ಸಲ ಬರೆಯೋದು ತಾನೇ.

ಬೆಂಗಳೂರಲ್ಲೋ ದುಬೈಲೋ ಇರೋ ಮಕ್ಕಳೂ ನೋಡ್ಬೇಕು ಅಂದ್ರೆ ರೂಟರಲ್ಲಿ ಪೋರ್ಟ್ ತೆರೆಯೋಕೆ ಹೋಗ್ಬೇಡಿ. ತುಂಬ ಕಂಪನಿಗಳ ಕನೆಕ್ಷನ್ ಸಿಜಿನ್ಯಾಟ್ (ತುಂಬ ಮನೆಗಳಿಗೆ ಸೇರಿ ಒಂದೇ ಇಂಟರ್ನೆಟ್ ವಿಳಾಸ ಕೊಡೋ ಏರ್ಪಾಡು) ಹಿಂದೆ ಇರೋದ್ರಿಂದ ಅದು ಕೆಲಸಾನೂ ಮಾಡಲ್ಲ, ಮಾಡಿದ್ರೆ ಇನ್ನೂ ಕಷ್ಟ. 2022ರ ಜನವರೀಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ಬಾಗಿಲು ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಡಬ್ಬಗಳಿಗೇ ನುಗ್ಗಿ ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತು. ಟೇಲ್‌ಸ್ಕೇಲ್ ಹಾಕಿ, ಮನೆ ಬಳಕೆಗೆ ದುಡ್ಡಿಲ್ಲ, ಅವರ ಫೋನು ನಿಮ್ಮ ನ್ಯಾಸೂ ಒಂದೇ ಮನೇಲಿರೋ ಹಾಗೆ ಮಾತಾಡ್ತವೆ. ಹೋಮ್‌ಸ್ಟೇ ಇರೋರು ಅದೇ ನ್ಯಾಸನ್ನ ಗೆಸ್ಟ್ ವೈಫೈಗೆ ಕೊಡ್ಬೇಡಿ, ಎಲ್ಲಿಂದ್ಲೋ ಇಳಿಸಿದ ಸಿನಿಮಾ ಬಾಡಿಗೆ ರೂಮಿನ ಗಿರಾಕಿಗೆ ತೋರ್ಸೋದು ಕಾಪಿರೈಟ್ ಕೇಸಿಗೆ ದಾರಿ, ನಿಮ್ಮ ಮನೆ ಫೋಟೋ ಫೋಲ್ಡರ್ ಅವ್ರ ಕಣ್ಣಿಗೆ ಬೀಳೋದು ಬೇರೆ.